ಬಿಸಿಲೇರುವ ಮುನ್ನ ಗೊಂಚಲು ಇಳಿಸಿ: ವೈನ್ ದ್ರಾಕ್ಷಿ ಕೊಯ್ಲಿಗೆ ಹದಿನಾರು ಸೂತ್ರಗಳು

ವೈನ್ ದ್ರಾಕ್ಷಿಯ ಬಗ್ಗೆ ನಮ್ಮ ಕೈಗೆ ಸಿಗುವ ಪುಸ್ತಕಗಳಲ್ಲಿ ಹೆಚ್ಚಿನವು ತಂಪು ದೇಶದವರು ಬರೆದವು. ಫ್ರಾನ್ಸಿನ ಬೋರ್ಡೋದಲ್ಲಿ ಕೊಯ್ಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಣ್ಣು ಮಾಗುತ್ತಿದ್ದಂತೆ ಅಲ್ಲಿ ಹವೆ ತಣ್ಣಗಾಗುತ್ತ ಹೋಗುತ್ತದೆ. ರೈತನಿಗೆ ನಾಲ್ಕು ದಿನ ಕಾಯುವ ಸಮಾಧಾನ ಇರುತ್ತದೆ. ನಂದಿ ಬೆಟ್ಟದ ತಪ್ಪಲಿನ ನಮ್ಮ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಶಿವರಾತ್ರಿಗೆ ಚಳಿ ‘ಶಿವಶಿವಾ’ ಅಂತ ಓಡಿಹೋಗುತ್ತದೆ, ಸರಿಯಾಗಿ ಅದೇ ಹೊತ್ತಿಗೆ ನಮ್ಮ ಹಣ್ಣು ಹದಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ಪ್ರತಿದಿನವೂ ಹಿಂದಿನ ದಿನಕ್ಕಿಂತ ಬಿಸಿ. ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ, ಹಣ್ಣು ಸುಕ್ಕಾಗುತ್ತದೆ.

1988ರಲ್ಲಿ ಉದ್ಯಮಿ ಕನ್ವಲ್ ಗ್ರೋವರ್ ದೊಡ್ಡಬಳ್ಳಾಪುರದ ಕಡೆ ಫ್ರೆಂಚ್ ತಳಿಗಳ ತೋಟ ಹಾಕಿದಾಗ ಈ ಸೀಮೆಗೆ ಗೊತ್ತಿದ್ದದ್ದು ಬೆಂಗಳೂರು ಬ್ಲೂ ದ್ರಾಕ್ಷಿ. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿ ತಂದ ಮೇಲೆ ಎರಡು ಎಕರೆ, ಮೂರು ಎಕರೆಯವರೂ ಶಿರಾಜ್, ಕ್ಯಾಬರ್ನೆ ಸೋವಿನ್ಯೋನ್ ನೆಡಲು ಧೈರ್ಯ ಮಾಡಿದರು. ನನ್ನದೂ ಅಂಥದ್ದೇ ಎರಡು ಎಕರೆ. ಇಲ್ಲಿ ಬರೆದಿರುವುದೆಲ್ಲ ಅಷ್ಟು ಸಣ್ಣ ತೋಟದವರಿಗೆ. ಯಂತ್ರವಿಲ್ಲ, ಶೀತಲ ಕೋಣೆಯಿಲ್ಲ. ಇರುವುದು ಕತ್ತರಿ, ಕ್ರೇಟು, ಹತ್ತು ಹದಿನೈದು ಜನರ ಕೈ. ಅಷ್ಟರಿಂದಲೇ ಒಳ್ಳೆಯ ಹಣ್ಣನ್ನು ವೈನರಿಯ ಬಾಗಿಲಿಗೆ ಮುಟ್ಟಿಸಬಹುದು.

1. ಕೊಯ್ಲಿನ ತಾರೀಕನ್ನು ಪ್ರೂನಿಂಗ್ ದಿನವೇ ಬರೆದಿಡಿ.
ತಂಪು ದೇಶದಲ್ಲಿ ಬಳ್ಳಿ ಚಳಿಗಾಲಕ್ಕೆ ಮಲಗುತ್ತದೆ, ವಸಂತಕ್ಕೆ ಏಳುತ್ತದೆ. ಚಿಗುರುವ ದಿನ ಅಲ್ಲಿ ರೈತನ ಕೈಯಲ್ಲಿಲ್ಲ. ನಮ್ಮ ಬಳ್ಳಿ ಮಲಗುವುದೇ ಇಲ್ಲ. ಅದಕ್ಕೇ ಏಪ್ರಿಲ್‌ನಲ್ಲೊಂದು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲೊಂದು, ಹೀಗೆ ವರ್ಷಕ್ಕೆ ಎರಡು ಪ್ರೂನಿಂಗ್, ಅಂದರೆ ಬಳ್ಳಿ ಸವರುವುದು. ವಿಜಯಪುರದ ಕಡೆಯವರು ಇದನ್ನೇ ಚಾಟ್ನಿ ಅನ್ನುತ್ತಾರೆ. ಎರಡನೆಯದು ಹಣ್ಣಿನ ಪ್ರೂನಿಂಗ್. ಅಲ್ಲಿಂದ ಕೊಯ್ಲಿಗೆ ತಳಿಯ ಮೇಲೆ ಹೆಚ್ಚುಕಡಿಮೆ 130ರಿಂದ 150 ದಿನ. ಅಕ್ಟೋಬರ್ 1ಕ್ಕೆ ಸವರಿದರೆ 140ನೇ ದಿನ ಫೆಬ್ರವರಿ 18. ಅಂದರೆ ಕೊಯ್ಲಿನ ವಾರವನ್ನು ಆರಿಸುವ ಅಧಿಕಾರ ನಮಗಿದೆ, ಬೋರ್ಡೋದವರಿಗಿಲ್ಲ. ಅದನ್ನು ಕಳೆದುಕೊಳ್ಳಬೇಡಿ. ಇಡೀ ತೋಟವನ್ನು ಒಂದೇ ದಿನ ಸವರಿದರೆ ಇಡೀ ತೋಟ ಒಂದೇ ದಿನ ಹಣ್ಣಾಗಿ ನಿಲ್ಲುತ್ತದೆ, ಅಷ್ಟು ಆಳು ಎಲ್ಲಿಂದ ತರುತ್ತೀರಿ? ಎಂಟು ದಿನದ ಅಂತರ ಕೊಟ್ಟು ಎರಡು ಭಾಗ ಮಾಡಿ ಸವರಿ. ಬಿಳಿ ದ್ರಾಕ್ಷಿ ಮೊದಲು, ಕೆಂಪು ಆಮೇಲೆ.

2. ಕೊಳ್ಳುವವರ ಜೊತೆ ಮಾತು ಕಾಗದದ ಮೇಲಿರಲಿ.
ದರ, ಬ್ರಿಕ್ಸ್ (ರಸದಲ್ಲಿನ ಸಕ್ಕರೆಯ ಅಳತೆ) ಎಷ್ಟರಿಂದ ಎಷ್ಟರವರೆಗೆ, ಕಡಿಮೆಯಾದರೆ ಎಷ್ಟು ಕಡಿತ, ಕ್ರೇಟು ಯಾರದು, ಗಾಡಿ ಬಾಡಿಗೆ ಯಾರದು, ಹಣ ಎಷ್ಟು ದಿನಕ್ಕೆ. ಇದೆಲ್ಲ ಬಳ್ಳಿ ಸವರುವ ಮುಂಚೆಯೇ ತೀರ್ಮಾನವಾಗಬೇಕು. ಹಣ್ಣು ತೂಗುತ್ತಿರುವಾಗ ಚೌಕಾಸಿಗೆ ಕೂತರೆ ಸೋಲುವವರು ನಾವೇ, ಏಕೆಂದರೆ ವೈನ್ ದ್ರಾಕ್ಷಿಗೆ ಸಂತೆಯಿಲ್ಲ. ಬೀಜ ದಪ್ಪ, ಕಾಯಿ ಸಣ್ಣ, ಸಿಪ್ಪೆ ಗಟ್ಟಿ. ತಿನ್ನಲು ಯಾರೂ ಕೊಳ್ಳುವುದಿಲ್ಲ. ಒಂದು ವರ್ಷ ನಾನು ಬಾಯಿಮಾತನ್ನು ನಂಬಿದ್ದೆ. ಕೊಯ್ಲಿನ ಹಿಂದಿನ ಸಂಜೆ ಫೋನ್ ಬಂತು, ತೊಟ್ಟಿ ಖಾಲಿಯಿಲ್ಲ, ಐದು ದಿನ ತಡೆಯಿರಿ ಅಂತ. ಮಾರ್ಚಿನ ಬಿಸಿಲಲ್ಲಿ ಐದು ದಿನ ಅಂದರೆ ಏನೆಂದು ಆ ವರ್ಷ ತೂಕದ ಚೀಟಿ ನೋಡಿ ತಿಳಿದುಕೊಂಡೆ.

3. ಪಡುವಣ ದಿಕ್ಕಿನ ಎಲೆ ಕೀಳಬೇಡಿ.
ಗೊಂಚಲಿಗೆ ಬಿಸಿಲು ಬೀಳಲಿ ಎಂದು ಸುತ್ತಲಿನ ಎಲೆ ತೆಗೆಯಿರಿ ಎನ್ನುವುದು ತಂಪು ದೇಶದ ಪಾಠ. ಇಲ್ಲಿ ಹಾಗೆ ಮಾಡಿದರೆ ಮಧ್ಯಾಹ್ನದ ಬಿಸಿಲಿಗೆ ಹಣ್ಣು ಸುಟ್ಟು ಕಂದುತ್ತದೆ. ಮೂಡಣ ಬದಿಯಲ್ಲಿ ಗಾಳಿಯಾಡುವಷ್ಟು ಮಾತ್ರ ತೆಗೆಯಿರಿ. ಪಡುವಣ ಬದಿಯ ಎಲೆ ಹಣ್ಣಿಗೆ ಕೊಡೆಯಿದ್ದಂತೆ, ಕೊನೆಯ ದಿನದವರೆಗೂ ಇರಲಿ. ಹನಿ ನೀರಿನ ವಿಷಯದಲ್ಲೂ ಇದೇ ಮಾತು. ಹಣ್ಣು ಬಣ್ಣ ತಿರುಗಿದ ಮೇಲೆ ನೀರು ಕಡಿಮೆ ಮಾಡಬೇಕು ನಿಜ, ಪೂರ್ತಿ ಕಟ್ಟಬಾರದು. ಎಲೆ ಬಾಡಿದರೆ ಹಣ್ಣು ಮಾಗುವುದಿಲ್ಲ, ಒಣಗುತ್ತದೆ. ಒಣಗಿದಾಗಲೂ ಬ್ರಿಕ್ಸ್ ಏರುತ್ತದೆ. ಅದನ್ನು ನೋಡಿ ಮೋಸಹೋಗಬೇಡಿ.

4. ಬಲೆ ಕಟ್ಟಿ, ಬೆಳಿಗ್ಗೆ ಹೋಗಿ ಬಲೆ ನೋಡಿ.
ಪಿಕಳಾರ, ಗೊರವಂಕ, ಗಿಳಿಗೆ ನಮಗಿಂತ ಮೊದಲೇ ಹಣ್ಣಿನ ಹದ ಗೊತ್ತಾಗುತ್ತದೆ. ರಾತ್ರಿ ಪಾಳಿ ಬಾವಲಿಯದು. ತಿಂದದ್ದು ಹೋಗಲಿ, ಕುಕ್ಕಿ ಬಿಟ್ಟ ಹಣ್ಣೇ ದೊಡ್ಡ ತೊಂದರೆ. ಆ ತೂತಿಗೆ ಕಣಜ ಬರುತ್ತದೆ, ಹಣ್ಣಿನ ನೊಣ ಬರುತ್ತದೆ, ಅವುಗಳ ಹಿಂದೆ ವಿನೆಗರ್ ವಾಸನೆ ಬರುತ್ತದೆ. ಒಂದು ಹಣ್ಣಿನ ಹುಳಿ ಇಡೀ ಗೊಂಚಲಿಗೆ ಇಳಿಯುತ್ತದೆ. ಬಣ್ಣ ತಿರುಗುತ್ತಿದ್ದಂತೆಯೇ ಬಲೆ ಹಾಕಿ. ಬಲೆಯ ಅಂಚು ನೆಲದ ಮೇಲೆ ಸಡಿಲವಾಗಿ ಬಿದ್ದಿರಬಾರದು, ಕೇರೆಹಾವು ಸಿಕ್ಕಿಕೊಂಡು ಬಿಸಿಲಿಗೆ ಸಾಯುತ್ತದೆ. ಇಲಿ ಹಿಡಿದು ನಮ್ಮ ಹನಿ ನೀರಿನ ಪೈಪು ಕಾಯುವ ಜೀವ ಅದು. ದಿನಾ ಬೆಳಿಗ್ಗೆ ಒಂದು ಸುತ್ತು ಹೋಗಿ, ಸಿಕ್ಕಿಬಿದ್ದದ್ದನ್ನು ಬಿಡಿಸಿ.

5. ಔಷಧಿ ನಿಲ್ಲಿಸುವ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.
ಸಿಂಪಡಿಸಿದ ಮೇಲೆ ಎಷ್ಟು ದಿನ ಕೊಯ್ಯಬಾರದು ಎಂದು ಪ್ರತಿ ಔಷಧಿಯ ಲೇಬಲ್ ಮೇಲೆ ಬರೆದಿರುತ್ತದೆ. ಅದನ್ನು ಮೀರಬೇಡಿ. ಬೂದಿರೋಗಕ್ಕೆ ಹೊಡೆಯುವ ಗಂಧಕದ ಬಗ್ಗೆ ಇನ್ನೂ ಎಚ್ಚರ ಬೇಕು. ಹಣ್ಣಿನ ಮೇಲೆ ಗಂಧಕ ಉಳಿದರೆ ಹುದುಗುವಾಗ ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಕೊನೆಯ ವಾರಗಳಲ್ಲಿ ಅದು ಬೇಡವೇ ಬೇಡ.

6. ನೂರು ಹಣ್ಣು ಆಯಿರಿ, ಕಣ್ಣಿಗೆ ಚೆಂದ ಕಂಡದ್ದನ್ನಲ್ಲ.
ಬೆಂಗಳೂರು ಬ್ಲೂ ಬೆಳೆದವರಿಗೆ ಬಣ್ಣ ನೋಡಿ ಕೊಯ್ಯುವ ಅಭ್ಯಾಸ. ವೈನ್ ದ್ರಾಕ್ಷಿಯಲ್ಲಿ ಬಣ್ಣ ಬಂದ ಮೇಲೂ ಸುಮಾರು ಆರು ವಾರದ ಕೆಲಸ ಬಾಕಿಯಿರುತ್ತದೆ. ಅದಕ್ಕೇ ಅಳತೆ ಬೇಕು. ಕೈಯಲ್ಲಿ ಹಿಡಿದು ನೋಡುವ ರಿಫ್ರಾಕ್ಟೋಮೀಟರ್ ಒಂದು ಕೊಂಡುಕೊಳ್ಳಿ. ಬಳಸುವ ಮುನ್ನ ಡಿಸ್ಟಿಲ್ಡ್ ನೀರಿನ ಹನಿ ಹಾಕಿ ಸೊನ್ನೆ ತೋರಿಸುತ್ತದೆಯೇ ನೋಡಿ.

ತಪ್ಪಾಗುವುದು ಹಣ್ಣು ಆಯುವಲ್ಲಿ. ನಮ್ಮ ಕೈ ತಾನಾಗಿಯೇ ಕಪ್ಪಗೆ ಮಾಗಿದ ಹಣ್ಣಿನ ಕಡೆಗೇ ಹೋಗುತ್ತದೆ. ಗೊಂಚಲಿನ ಹೆಗಲ ಮೇಲಿನ ಹಣ್ಣು ಮೊದಲು ಮಾಗುತ್ತದೆ, ತುದಿಯದು ತಡ. ಹಾಗಾಗಿ ಹೆಗಲಿನಿಂದ ಒಂದು, ನಡುವಿನಿಂದ ಒಂದು, ತುದಿಯಿಂದ ಒಂದು. ಸಾಲಿನ ಮೂಡಣ ಬದಿಯಿಂದ ಅರ್ಧ, ಪಡುವಣ ಬದಿಯಿಂದ ಅರ್ಧ. ನೆರಳಿನಲ್ಲಿರುವುದೂ ಬರಲಿ, ಬಿಸಿಲಿಗಿರುವುದೂ ಬರಲಿ. ಸಾಲಿನ ಕೊನೆಯ ಕಲ್ಲುಕಂಬದ ಪಕ್ಕದ ಬಳ್ಳಿ ಬೇಡ, ಅದು ಯಾವಾಗಲೂ ಉಳಿದವುಗಳಿಗಿಂತ ಬೇರೆ. ನೂರು ಹಣ್ಣನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಚೆನ್ನಾಗಿ ಹಿಸುಕಿ, ಆ ರಸ ನೋಡಿ. ಮೂರು ದಿನಕ್ಕೊಮ್ಮೆ, ಬೆಳಿಗ್ಗೆ ಅದೇ ಹೊತ್ತಿಗೆ. ಹತ್ತಿರ ಬಂದಾಗ ದಿನವೂ.

ಬಿಳಿ ತಳಿಗೆ ಬ್ರಿಕ್ಸ್ 20ರಿಂದ 22, ಕೆಂಪಿಗೆ 22ರಿಂದ 24 ಎಂಬುದು ಸಾಮಾನ್ಯ ಲೆಕ್ಕ. ಬ್ರಿಕ್ಸನ್ನು 0.55ರಿಂದ ಗುಣಿಸಿದರೆ ವೈನಿನಲ್ಲಿ ಬರುವ ಆಲ್ಕೋಹಾಲಿನ ಅಂದಾಜು ಸಿಗುತ್ತದೆ. 24 ಇದ್ದರೆ 13ರ ಆಸುಪಾಸು. ಆದರೆ ನಮ್ಮ ಹವೆಯಲ್ಲಿ ಸಕ್ಕರೆ ಸುಲಭವಾಗಿ ಬಂದುಬಿಡುತ್ತದೆ, ಕಷ್ಟ ಇರುವುದು ಹುಳಿ ಉಳಿಸಿಕೊಳ್ಳುವುದರಲ್ಲಿ. ಬಿಸಿ ಹೆಚ್ಚಾದಂತೆ ಹಣ್ಣು ತನ್ನೊಳಗಿನ ಮ್ಯಾಲಿಕ್ ಆಮ್ಲವನ್ನು ತಾನೇ ಉರಿಸಿಕೊಳ್ಳುತ್ತದೆ. ಅದಕ್ಕೇ ಪಿಎಚ್ ಅಳೆಯುವ ಸಣ್ಣ ಮೀಟರೂ ಇರಲಿ. ಬಿಳಿಯದು 3.4, ಕೆಂಪಿನದು 3.6 ಮುಟ್ಟುತ್ತಿದೆ ಎಂದರೆ ಇನ್ನು ಕಾಯುವುದರಲ್ಲಿ ಲಾಭವಿಲ್ಲ. ಬ್ರಿಕ್ಸ್ ಅರ್ಧ ಡಿಗ್ರಿ ಕಡಿಮೆ ಇದ್ದರೂ ಕತ್ತರಿ ಹಿಡಿಯಿರಿ.

7. ಮೀಟರಿನ ಮಾತು ಮುಗಿದ ಮೇಲೆ ಬಾಯಿಯ ಮಾತು ಕೇಳಿ.
ಹಣ್ಣು ಬಾಯಿಗೆ ಹಾಕಿ. ಮೊದಲು ರಸ, ಆಮೇಲೆ ಸಿಪ್ಪೆ ಅಗಿಯಿರಿ, ಕೊನೆಗೆ ಬೀಜ ಕೈಗೆ ಉಗಿದು ನೋಡಿ. ಬೀಜ ಹಸಿರಾಗಿದ್ದರೆ ವೈನು ಬಾಯಿ ಒಗರು ಹಿಡಿಸುತ್ತದೆ. ಕಂದಾಗಿ, ಹಲ್ಲಿಗೆ ಸಿಕ್ಕಿದರೆ ಹುರಿಗಡಲೆಯ ಹಾಗೆ ಕಟುಂ ಅನ್ನಬೇಕು. ನಮ್ಮ ತೋಟದಲ್ಲಿ ಕೊಯ್ಲಿನ ತಂಡ ಕಟ್ಟುವ ಅಕ್ಕನಿಗೆ ಬ್ರಿಕ್ಸ್ ಅಂದರೆ ಏನೆಂದು ಬೇಕಿಲ್ಲ. ಒಮ್ಮೆ ಮೀಟರ್ 23 ತೋರಿಸಿತ್ತು, ನಾನು ಗಾಡಿಗೆ ಹೇಳಿಯೂ ಆಗಿತ್ತು. ಆಕೆ ನಾಲ್ಕು ಹಣ್ಣು ತಿಂದು, ‘ಬೇಡ ಕಣಣ್ಣಾ, ಬೀಜ ಇನ್ನೂ ಹಸಿ, ಗುರುವಾರ ಬರ್ತೀವಿ’ ಅಂದರು. ಗುರುವಾರವೇ ಕೊಯ್ದೆವು. ಆ ಶಿರಾಜ್‌ಗೆ ವೈನರಿಯವರು ಕೊಟ್ಟ ಮೆಚ್ಚುಗೆ ಆಕೆಗೆ ಸಲ್ಲಬೇಕಾದದ್ದು.

8. ಮೋಡ ಕಂಡ ಕೂಡಲೇ ಹೆದರಬೇಡಿ.
ಮೂರನೇ ವರ್ಷ ಗುಡುಗಿನ ಸದ್ದಿಗೇ ಹೆದರಿ ಶಿರಾಜ್ ಪೂರ್ತಿ ಇಳಿಸಿಬಿಟ್ಟೆ. ಬ್ರಿಕ್ಸ್ 20 ದಾಟಿರಲಿಲ್ಲ. ಮಳೆ ಬರಲೇ ಇಲ್ಲ. ಈಗ ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಸಿಪ್ಪೆ ಗಟ್ಟಿಯಿದೆಯೇ? ಗೊಂಚಲು ಬಿಡಿಬಿಡಿಯಾಗಿದೆಯೇ? ಈಗಾಗಲೇ ಕೊಳೆ ಕಾಣಿಸಿದೆಯೇ? ಸಿಪ್ಪೆ ಗಟ್ಟಿಯಿದ್ದು, ಗಾಳಿಯಾಡುವ ಗೊಂಚಲಾಗಿದ್ದರೆ ಒಂದು ಹದ ಮಳೆ ತಡೆಯುತ್ತದೆ. ಹಣ್ಣು ನೀರು ಕುಡಿದು ಬ್ರಿಕ್ಸ್ ಇಳಿಯುತ್ತದೆ, ಎರಡು ಮೂರು ದಿನ ಬಿಸಿಲು ಬಿದ್ದರೆ ಮತ್ತೆ ಏರುತ್ತದೆ. ಗೊಂಚಲು ಒತ್ತೊತ್ತಾಗಿದ್ದು ಹಣ್ಣು ಬಿರಿದಿದ್ದರೆ ಅಥವಾ ಕೊಳೆ ಆಗಲೇ ಇದ್ದರೆ ಕಾಯಬೇಡಿ. ಆಲಿಕಲ್ಲು ಬಿದ್ದರೆ ಪ್ರಶ್ನೆಯೇ ಇಲ್ಲ, ಮರುದಿನ ನಸುಕಿಗೇ ಇಳಿಸಿ, ಒಡೆದದ್ದನ್ನು ಬೇರೆ ಹಾಕಿ.

9. ಆಳಿನ ಲೆಕ್ಕ ಹಾಕಿ, ಹಬ್ಬ ನೋಡಿಕೊಂಡು.
ನಮ್ಮ ತೋಟದಲ್ಲಿ ಒಬ್ಬರು ನಸುಕಿನ ನಾಲ್ಕು ಗಂಟೆಯಲ್ಲಿ ಸುಮಾರು 150 ಕಿಲೋ ಕೊಯ್ಯುತ್ತಾರೆ, ಆರಿಸುವುದೂ ಸೇರಿ. ಎರಡು ಟನ್ ಬೇಕೆಂದರೆ 14 ಜನ. ಕ್ರೇಟಿಗೆ 15 ಕಿಲೋದಂತೆ ಸುಮಾರು 135 ಕ್ರೇಟು. ಕ್ರೇಟು ಹೊರಲು, ಗಾಡಿಗೆ ಪೇರಿಸಲು ಇನ್ನೂ ಮೂವರು. ಶಿವರಾತ್ರಿ ಜಾಗರಣೆಯ ಮರುದಿನ ಯಾರೂ ನಾಲ್ಕೂವರೆಗೆ ಏಳುವುದಿಲ್ಲ. ಯುಗಾದಿಯ ಹೊಸತೊಡಕಿಗೂ ಅಷ್ಟೇ. ಊರಿನ ಜಾತ್ರೆ, ತೇರು ಯಾವತ್ತು ಎಂದು ಕೇಳಿ. ಹೂವಿನ ತೋಟ, ರೇಷ್ಮೆ ಹುಳು ಸಾಕುವ ಮನೆಗಳೂ ಇದೇ ಆಳುಗಳನ್ನು ನಂಬಿಕೊಂಡಿವೆ. ಹಾಗಾಗಿ ವಾರದ ಮುಂಚೆಯೇ ಮಾತಾಡಿ.

ಕೂಲಿಯನ್ನು ಕಿಲೋ ಲೆಕ್ಕದಲ್ಲಿ ಕೊಡಬೇಡಿ, ಗಂಟೆ ಲೆಕ್ಕದಲ್ಲಿ ಕೊಡಿ. ಕಿಲೋ ಲೆಕ್ಕ ಅಂದ ಕ್ಷಣ ಕೊಳೆತದ್ದು, ಎಲೆ, ಹಸಿ ಗೊಂಚಲು ಎಲ್ಲ ಕ್ರೇಟಿಗೆ ಬೀಳುತ್ತದೆ. ಅದು ಕೊಯ್ಯುವವರ ತಪ್ಪಲ್ಲ, ನಮ್ಮ ಲೆಕ್ಕದ ತಪ್ಪು. ಏಳು ಗಂಟೆಗೆ ಟೀ, ಒಂಬತ್ತಕ್ಕೆ ಬಿಸಿ ಚಿತ್ರಾನ್ನ, ದುಡ್ಡು ಅಂದೇ ಕೈಗೆ. ಇದರಲ್ಲಿ ತಪ್ಪದಿದ್ದರೆ ಮುಂದಿನ ವರ್ಷ ಅದೇ ತಂಡ ಬರುತ್ತದೆ, ಆಗ ಅರ್ಧ ಪಾಠ ಹೇಳುವ ಕೆಲಸ ತಪ್ಪುತ್ತದೆ.

10. ನಸುಕಿಗೆ ಶುರು, ಒಂಬತ್ತಕ್ಕೆ ಬಂದ್.
ಎಲ್ಲ ಬಿಟ್ಟರೂ ಇದೊಂದನ್ನು ಬಿಡಬೇಡಿ. ರಾತ್ರಿಯೆಲ್ಲ ತಣಿದ ಗೊಂಚಲು ಬೆಳಗಿನ ಜಾವ ಮುಟ್ಟಿದರೆ ಕೈ ತಣ್ಣಗಾಗುತ್ತದೆ. ಅದೇ ಗೊಂಚಲು ಮಧ್ಯಾಹ್ನ ಗಾಳಿಗಿಂತಲೂ ಬಿಸಿ. ಬಿಸಿ ಹಣ್ಣು ಮೆತ್ತಗಿರುತ್ತದೆ, ಕ್ರೇಟಿನಲ್ಲಿ ತನ್ನ ಭಾರಕ್ಕೆ ತಾನೇ ಒಡೆಯುತ್ತದೆ. ಒಡೆದ ರಸ ಗಾಳಿ ತಾಗಿ ಕಂದುತ್ತದೆ. ಕಾಡು ಯೀಸ್ಟು ನಮ್ಮ ಅಪ್ಪಣೆಗೆ ಕಾಯದೆ ದಾರಿಯಲ್ಲೇ ಹುದುಗಿಸಲು ತೊಡಗುತ್ತದೆ. ಬಿಳಿ ದ್ರಾಕ್ಷಿಯ ಪರಿಮಳವಂತೂ ಮೊದಲು ಹೋಗುತ್ತದೆ. ದೊಡ್ಡ ವೈನರಿಗಳು ಶೀತಲ ಯಂತ್ರದಿಂದ ಇಳಿಸುವ ಬಿಸಿಯನ್ನು ನಾವು ಗಡಿಯಾರದಿಂದ ಇಳಿಸಬೇಕು, ಅದಕ್ಕೆ ಖರ್ಚಿಲ್ಲ.

ನಾಲ್ಕೂವರೆಗೆ ತಲೆಗೆ ಕಟ್ಟುವ ಟಾರ್ಚು ಹಾಕಿಕೊಂಡು ಇಳಿಯಿರಿ. ಮೊದಲು ಒಬ್ಬರು ಕೋಲು ಬಡಿಯುತ್ತ ಸಾಲಿನುದ್ದಕ್ಕೂ ನಡೆದು ಬರಲಿ. ಹಾವು ಸರಿದುಹೋಗಲು ಅಷ್ಟು ಸಾಕು. ಎಲ್ಲರ ಕಾಲಿಗೂ ಬೂಟು ಇರಲಿ. ಯಾವ ಸಾಲು ಇವತ್ತು, ಯಾವುದು ನಾಳೆ ಎಂದು ಹಿಂದಿನ ಸಂಜೆಯೇ ಕಲ್ಲುಕಂಬಕ್ಕೆ ಬಣ್ಣದ ಪಟ್ಟಿ ಕಟ್ಟಿ. ಕತ್ತಲಲ್ಲಿ ಶಿರಾಜ್ ಸಾಲು ಯಾವುದು, ಕ್ಯಾಬರ್ನೆ ಯಾವುದು ಎಂದು ಯಾರಿಗೂ ತಿಳಿಯುವುದಿಲ್ಲ. ಒಂಬತ್ತಕ್ಕೆ ಸಾಲು ಉಳಿದರೆ ಉಳಿಯಲಿ, ನಾಳೆಯೂ ನಸುಕು ಬರುತ್ತದೆ.

11. ಆರಿಸುವ ಕೆಲಸ ಬಳ್ಳಿಯ ಮೇಲೆಯೇ ಮುಗಿಯಲಿ.
ಎಡಗೈಯಲ್ಲಿ ಗೊಂಚಲಿನ ಅಡಿ ಹಿಡಿದು, ಬಲಗೈಯಲ್ಲಿ ತೊಟ್ಟು ಕತ್ತರಿಸಬೇಕು. ಎಡಗೈಗೆ ಗವಸು ಕಡ್ಡಾಯ, ಟಾರ್ಚಿನ ಬೆಳಕಲ್ಲಿ ಬೆರಳು ಕತ್ತರಿಸಿಕೊಂಡವರನ್ನು ನೋಡಿದ್ದೇನೆ. ಗೊಂಚಲನ್ನು ಒಮ್ಮೆ ತಿರುಗಿಸಿ ನೋಡಿ, ಮೂಸಿ. ವಿನೆಗರ್ ವಾಸನೆ ಬಂದರೆ ನೆಲಕ್ಕೆ. ಬೂದಿ ಹಿಡಿದದ್ದು ನೆಲಕ್ಕೆ. ತಡವಾಗಿ ಕಚ್ಚಿದ ಹಸಿರು ಗೊಂಚಲು ಬಳ್ಳಿಯಲ್ಲೇ ಇರಲಿ. ಅರ್ಧ ಕೊಳೆತಿದ್ದರೆ ಆ ಅರ್ಧ ಕತ್ತರಿಸಿ ಉಳಿದದ್ದು ಹಾಕಿ. ಕತ್ತರಿಗಳನ್ನು ಹಿಂದಿನ ರಾತ್ರಿ ಸ್ಪಿರಿಟ್‌ನಲ್ಲಿ ಒರೆಸಿಡಿ. ಒಂದು ಎಲೆಯೂ ಹೋಗಬಾರದು ಅನ್ನುವುದಿಲ್ಲ. ಆದರೆ ಕ್ರೇಟು ತುಂಬಿದ ಮೇಲೆ ಮೇಲಿಂದ ನೋಡಿದರೆ ಹಣ್ಣಷ್ಟೇ ಕಾಣಬೇಕು.

12. ತೊಳೆಯಬೇಡಿ.
ಮನೆಯವರು, ನೆಂಟರು, ನೋಡಲು ಬಂದವರು ಎಲ್ಲರೂ ಕೇಳುತ್ತಾರೆ, ತೊಳೆಯದೆ ಕಳಿಸುತ್ತೀರಾ ಅಂತ. ಹೌದು. ಗೊಂಚಲಿನ ಸಂದಿಯಲ್ಲಿ ನಿಂತ ನೀರು ರಸವನ್ನು ತೆಳುವಾಗಿಸುತ್ತದೆ, ಕೊಳೆಗೂ ದಾರಿ. ತೊಳೆಯಬೇಕಾದದ್ದು ಕ್ರೇಟು, ಅದೂ ಹಿಂದಿನ ದಿನ, ಬಿಸಿಲಲ್ಲಿ ಒಣಗಿಸಿ.

13. ಕ್ರೇಟು ಅಂಚಿನವರೆಗೆ ತುಂಬಬೇಡಿ, ನೆರಳಿನಲ್ಲಿಡಿ.
20 ಕಿಲೋ ಹಿಡಿಯುವ ಕ್ರೇಟಿಗೆ 15 ಕಿಲೋ ಸಾಕು. ಒಂದರ ಮೇಲೊಂದು ಇಟ್ಟಾಗ ಮೇಲಿನದರ ತಳ ಕೆಳಗಿನ ಹಣ್ಣನ್ನು ಮುಟ್ಟಬಾರದು. ತುಂಬಿದ ಕ್ರೇಟು ಸಾಲಿನಲ್ಲಿ ಕಾಯುತ್ತ ಕೂರಬಾರದು, ಹೊಂಗೆ ಮರದಡಿಗೋ ನೆರಳುಪರದೆಯ ಕೆಳಗೋ ಹೋಗಬೇಕು. ಗಾಡಿಗೆ ಪೇರಿಸಿದ ಮೇಲೆ ಒದ್ದೆ ಗೋಣಿಯನ್ನು ಹಣ್ಣಿಗೆ ತಾಗದಂತೆ ಮೇಲೆ ಎಳೆದು ಕಟ್ಟಿ. ನೀರು ಆರುತ್ತ ಗಾಡಿಯೊಳಗೆ ತಂಪು ಇಳಿಯುತ್ತದೆ. ಟಾರ್ಪಾಲು ಬಿಗಿದರೆ ಒಳಗೆ ಬೇಯುತ್ತದೆ. ದಾರಿ ದೂರವಿದ್ದರೆ ಪೊಟ್ಯಾಶಿಯಂ ಮೆಟಾಬೈಸಲ್ಫೈಟ್ ಪುಡಿಯನ್ನು ಟನ್ನಿಗೆ 50ರಿಂದ 80 ಗ್ರಾಮಿನಷ್ಟು ಉದುರಿಸುವ ರೂಢಿಯಿದೆ. ವೈನರಿಯವರನ್ನು ಕೇಳದೆ ಹಾಕಬೇಡಿ, ಅವರು ಮತ್ತೆ ಹಾಕಿದರೆ ಹೆಚ್ಚಾಗುತ್ತದೆ. ಉಬ್ಬಸ ಇರುವವರು ಆ ಪುಡಿಯ ಹತ್ತಿರ ಇರಬಾರದು.

14. ತೂಕ ಮೊದಲು ನಮ್ಮ ಅಂಗಳದಲ್ಲಿ.
ಖಾಲಿ ಕ್ರೇಟಿನ ತೂಕ ಕಳೆದು, ಸಾಲುವಾರು ಬರೆದುಕೊಳ್ಳಿ. ಜಗಳಕ್ಕಲ್ಲ. ಯಾವ ಸಾಲು ಎಷ್ಟು ಕೊಟ್ಟಿತು, ಬ್ರಿಕ್ಸ್ ಎಷ್ಟಿತ್ತು ಎಂಬ ಪುಸ್ತಕ ಮೂರು ವರ್ಷದ್ದಾದರೆ ಅಕ್ಟೋಬರ್‌ನಲ್ಲಿ ಯಾವ ಬಳ್ಳಿಗೆ ಎಷ್ಟು ಕಣ್ಣು ಬಿಡಬೇಕೆಂದು ಅದೇ ಹೇಳುತ್ತದೆ.

15. ಹುದುಗುವ ಕೋಣೆಗೆ ಒಬ್ಬರೇ ಇಳಿಯಬೇಡಿ.
ಅಬಕಾರಿ ಪರವಾನಗಿ ಪಡೆದು ಸ್ವಂತ ಸಣ್ಣ ವೈನರಿ ಮಾಡಿಕೊಂಡವರಿಗೂ, ಹಣ್ಣು ಇಳಿಸಲು ಹೋದ ನಮ್ಮ ಹುಡುಗರಿಗೂ ಈ ಮಾತು. ಒಂದು ಲೀಟರ್ ರಸ ಹುದುಗುವಾಗ ನಲವತ್ತು ಲೀಟರಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅದು ಗಾಳಿಗಿಂತ ಭಾರ, ಕೆಳಗೆ ನಿಲ್ಲುತ್ತದೆ, ಬಣ್ಣವಿಲ್ಲ. ತೊಟ್ಟಿಯೊಳಗೆ ಬಗ್ಗಿದವರು ಬಿದ್ದರೆ, ಎತ್ತಲು ಇಳಿದವರೂ ಬೀಳುತ್ತಾರೆ. ಬಾಗಿಲು ಕಿಟಕಿ ತೆರೆದು, ಫ್ಯಾನು ಹಾಕಿ, ಹೊರಗೆ ಒಬ್ಬರನ್ನು ನಿಲ್ಲಿಸಿಕೊಂಡೇ ಒಳಗೆ ಹೋಗಿ. ಬಗ್ಗಿ ಮೂಸುವ ಅಭ್ಯಾಸವನ್ನು ಹುಡುಗರಿಗೆ ಬಿಡಿಸಿ.

16. ಗಾಡಿ ಹೋದ ಸಂಜೆಯೇ ಬಳ್ಳಿಗೆ ನೀರು ಬಿಡಿ.
ಕೊಯ್ಲು ಮುಗಿದ ದಿನ ಎಲ್ಲರಿಗೂ ಸುಸ್ತು. ಮೋಟಾರು ಹಾಕುವುದನ್ನೇ ಮರೆಯುತ್ತೇವೆ. ಆರು ವಾರದಿಂದ ಅರೆ ನೀರಿನಲ್ಲಿ ಗೊಂಚಲು ಹೊತ್ತು ನಿಂತ ಬಳ್ಳಿ ಅದು. ಏಪ್ರಿಲ್ ಪ್ರೂನಿಂಗ್‌ಗೆ ಇನ್ನು ಮೂರು ನಾಲ್ಕು ವಾರ ಮಾತ್ರ ಇದೆ. ಅಷ್ಟರಲ್ಲಿ ಉಳಿದ ಎಲೆಗಳು ಬೇರಿಗೆ, ಕಾಂಡಕ್ಕೆ ಕೂಡಿಹಾಕಿದ್ದೇ ಮುಂದಿನ ಚಿಗುರಿನ ಗಂಟು. ಬಲೆ ಬಿಚ್ಚಿ, ಮಡಚಿ, ಇಲಿ ಕಡಿಯದ ಕಡೆ ತೂಗುಹಾಕಿ. ನೆಲಕ್ಕೆ ಬಿದ್ದ ಕೊಳೆತ ಗೊಂಚಲನ್ನು ಬುಟ್ಟಿಯಲ್ಲಿ ತುಂಬಿ ತೋಟದಾಚೆಯ ಗೊಬ್ಬರದ ಗುಂಡಿಗೆ ಸಾಗಿಸಿ. ಬಳ್ಳಿಯಲ್ಲಿ ಬಿಟ್ಟ ನಾಲ್ಕಾರು ಹಸಿರು ಗೊಂಚಲು ಹತ್ತು ದಿನಕ್ಕೆ ಹಣ್ಣಾಗುತ್ತವೆ. ಬಲೆ ತೆಗೆದಾಗಿದೆ, ಅವು ಪಿಕಳಾರದ ಪಾಲು.